ಬ್ಯಾಕಪ್ ಡಿಸ್ಕ್ ತುಂಬಿದಾಗ ಏನು ಅಳಿಸುತ್ತೀರಿ?

ಮದುವೆ ಫೋಟೋ ತೆಗೆಯುವ ಗೆಳೆಯರೊಬ್ಬರು ಒಂದು ಸಂಜೆ ಹಾರ್ಡ್ ಡಿಸ್ಕ್ ಹಿಡಿದುಕೊಂಡು ಮನೆಗೆ ಬಂದರು. ಬ್ಯಾಕಪ್ ಇಡುತ್ತಿದ್ದ ಆ ಡಿಸ್ಕ್ ತುಂಬಿತ್ತು. ಜಾಗ ಮಾಡಲೆಂದು ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ದೊಡ್ಡ ಬ್ಯಾಕಪ್ ಫೈಲನ್ನು ಅಳಿಸಿ, ಈಚಿನ ಸಣ್ಣಪುಟ್ಟವನ್ನೆಲ್ಲ ಜೋಪಾನವಾಗಿ ಉಳಿಸಿಕೊಂಡಿದ್ದರು. ಮರುವಾರವೇ ಕಂಪ್ಯೂಟರ್ ಕೆಟ್ಟಿತು. ಉಳಿಸಿಕೊಂಡಿದ್ದರಲ್ಲಿ ಒಂದೂ ತೆರೆಯಲಿಲ್ಲ.

ಅವರು ಮಾಡಿದ್ದು ಯಾರೂ ಮಾಡಬಹುದಾದ ತಪ್ಪು. ದಿನದಿನವೂ ಎಲ್ಲವನ್ನೂ ಹೊಸದಾಗಿ ನಕಲು ಮಾಡಿಡುವುದೇ ಬ್ಯಾಕಪ್ ಎಂದು ನಾವು ನಂಬಿರುತ್ತೇವೆ. ಹಾಗಿದ್ದರೆ ಹಳೆಯದನ್ನು ಬಿಸಾಡಿದರೂ ಹೊಸದು ಇದ್ದೇ ಇರುತ್ತದಲ್ಲ! ಆದರೆ ಹೆಚ್ಚಿನ ಬ್ಯಾಕಪ್ ತಂತ್ರಾಂಶಗಳು ಮೊದಲ ಸಲ ಮಾತ್ರ ಪೂರ್ತಿ ನಕಲು ಮಾಡುತ್ತವೆ. ಆಮೇಲೆ ಬರೆದಿಡುವುದು ಬದಲಾದದ್ದನ್ನಷ್ಟೇ. ಅಂಗಡಿಯ ಕಿರ್ದಿ ಪುಸ್ತಕವನ್ನು ನೆನೆಸಿಕೊಳ್ಳಿ. ಮೊದಲ ಪುಟದಲ್ಲಿ ಆರಂಭದ ಶಿಲ್ಕು, ಅಲ್ಲಿಂದ ಮುಂದೆ ಆಯಾ ದಿನದ ಜಮೆ ಮತ್ತು ಖರ್ಚು. ಮೊದಲ ಪುಟ ಹರಿದುಹಾಕಿದರೆ ಉಳಿದ ಪುಟಗಳ ಲೆಕ್ಕ ಯಾವುದಕ್ಕೂ ತಾಳೆಯಾಗುವುದಿಲ್ಲ. ಗೆಳೆಯರು ಅಳಿಸಿದ್ದು ಆ ಮೊದಲ ಪುಟವನ್ನು. ಇಂಥ ಸರಪಳಿಯ ಬ್ಯಾಕಪ್‌ನಲ್ಲಿ ಜಾಗ ಬೇಕೆಂದರೆ ಹೊಸದೊಂದು ಪೂರ್ತಿ ಬ್ಯಾಕಪ್ ಮಾಡಿ, ಅದು ಸರಿಯಿದೆ ಎಂದು ಖಚಿತವಾದ ಮೇಲೆ ಹಳೆಯ ಸರಪಳಿಯನ್ನು ಇಡಿಯಾಗಿ ತೆಗೆಯಬೇಕು. ಅದನ್ನೂ ತಂತ್ರಾಂಶದೊಳಗಿಂದಲೇ ಮಾಡಬೇಕು, ಫೋಲ್ಡರ್ ತೆರೆದು ಡಿಲೀಟ್ ಒತ್ತಿ ಅಲ್ಲ.

ಮ್ಯಾಕ್ ಬಳಸುವವರಿಗೆ ಬೇರೊಂದು ಗೊಂದಲ. 2007ರಲ್ಲಿ ಬಂದ, ಮ್ಯಾಕ್‌ನದೇ ಬ್ಯಾಕಪ್ ತಂತ್ರಾಂಶವಾದ ಟೈಮ್ ಮಷೀನ್‌ನಲ್ಲಿ ಒಂದೊಂದು ತಾರೀಖಿಗೂ ಒಂದೊಂದು ಫೋಲ್ಡರ್ ಕಾಣುತ್ತದೆ, ಪ್ರತಿಯೊಂದರಲ್ಲೂ ಇಡೀ ಕಂಪ್ಯೂಟರ್ ಇದ್ದಂತೆ ತೋರುತ್ತದೆ. ‘200 ಜಿಬಿಯ ಹತ್ತು ಫೋಲ್ಡರ್ ಇವೆ, ಅಂದರೆ 2,000 ಜಿಬಿ ಹೋಯಿತು’ ಎಂದು ಲೆಕ್ಕ ಹಾಕುವವರಿದ್ದಾರೆ. ಬದಲಾಗದ ಫೈಲ್ ಡಿಸ್ಕಿನಲ್ಲಿ ಇರುವುದು ಒಂದೇ ಕಡೆ. ಹತ್ತು ಫೋಲ್ಡರುಗಳಿಂದಲೂ ಅದಕ್ಕೆ ದಾರಿ ಇರುತ್ತದೆ, ಅಷ್ಟೆ. ಒಂದು ಬಾವಿಗೆ ಹತ್ತು ಮನೆಯಿಂದ ದಾರಿಯಿದ್ದ ಹಾಗೆ. ಒಂದು ದಾರಿ ಮುಚ್ಚಿದರೆ ಬಾವಿ ಮುಚ್ಚಿಹೋಗುವುದಿಲ್ಲ. ಹಾಗಾಗಿ 200 ಜಿಬಿಯಂತೆ ಕಂಡ ಫೋಲ್ಡರ್ ತೆಗೆದರೂ ಒಂದೆರಡು ಜಿಬಿ ಮಾತ್ರ ಮರಳಿ ಸಿಗಬಹುದು.

ಅಲ್ಲಿ ನಾವು ಕೈಹಾಕುವ ಅಗತ್ಯವೂ ಕಡಿಮೆ. ಟೈಮ್ ಮಷೀನ್ ಕಳೆದ 24 ಗಂಟೆಯ ಬ್ಯಾಕಪ್‌ಗಳನ್ನು ಗಂಟೆಗೊಂದರಂತೆ, ಕಳೆದ ತಿಂಗಳದ್ದನ್ನು ದಿನಕ್ಕೊಂದರಂತೆ, ಅದಕ್ಕೂ ಹಿಂದಿನದನ್ನು ವಾರಕ್ಕೊಂದರಂತೆ ಇಟ್ಟುಕೊಳ್ಳುತ್ತದೆ. ಡಿಸ್ಕ್ ತುಂಬಿದರೆ ಎಲ್ಲಕ್ಕಿಂತ ಹಳೆಯದನ್ನು ತಾನೇ ತೆಗೆಯುತ್ತದೆ. ಕಂಪ್ಯೂಟರಿನ ಡಿಸ್ಕಿಗಿಂತ ಕನಿಷ್ಠ ಎರಡು ಪಟ್ಟು ದೊಡ್ಡ ಡಿಸ್ಕ್ ಇರಲಿ ಎಂದು ಆಪಲ್ ಹೇಳುವುದು ಈ ಹಳೆಯ ಪ್ರತಿಗಳಿಗೆ ಜಾಗ ಸಿಗಲೆಂದೇ.

ವಿಂಡೋಸ್‌ನ ಫೈಲ್ ಹಿಸ್ಟರಿ ಹಾಗಲ್ಲ. ನಾವು ಏನನ್ನೂ ಬದಲಿಸದಿದ್ದರೆ ಅದು ಗಂಟೆಗೊಮ್ಮೆ ಪ್ರತಿ ತೆಗೆದು, ಎಲ್ಲ ಪ್ರತಿಗಳನ್ನೂ ‘ಫಾರೆವರ್’, ಅಂದರೆ ಶಾಶ್ವತವಾಗಿ ಇಡುತ್ತದೆ. ಡಿಸ್ಕ್ ತುಂಬದೆ ಇನ್ನೇನಾದೀತು? ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫೈಲ್ ಹಿಸ್ಟರಿಯ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ಗೆ ಹೋಗಿ ಅವಧಿಯನ್ನು ಒಂದು ವರ್ಷಕ್ಕೋ, ‘ಅಂಟಿಲ್ ಸ್ಪೇಸ್ ಈಸ್ ನೀಡೆಡ್’ ಎಂಬುದಕ್ಕೋ ಬದಲಿಸಿ. ಅಲ್ಲೇ ‘ಕ್ಲೀನಪ್ ವರ್ಷನ್ಸ್’ ಇದೆ. ಅದು ಹಳೆಯ ಪ್ರತಿಗಳನ್ನು ತೆಗೆದರೂ ಪ್ರತಿ ಫೈಲಿನ ಕೊನೆಯ ಪ್ರತಿಯನ್ನು ಮುಟ್ಟುವುದಿಲ್ಲ.

ಬದಲಾದದ್ದಷ್ಟೇ ಸೇರುತ್ತದೆ ಎಂದಾದರೆ ಡಿಸ್ಕ್ ಇಷ್ಟು ಬೇಗ ತುಂಬುವುದೇಕೆ? ಜನ ಬೈಯುವುದು ಫೋಟೋಗಳನ್ನು. ಪಾಪ, ಫೋಟೋಗಳು ಒಮ್ಮೆ ಬಂದು ಕೂತರೆ ಬದಲಾಗುವುದೇ ಇಲ್ಲ. ಜಾಗ ನುಂಗುವುದು ದೊಡ್ಡದಾಗಿದ್ದು ದಿನವೂ ಬದಲಾಗುವ ಫೈಲ್. ಔಟ್‌ಲುಕ್‌ನ ಅಂಚೆಯೆಲ್ಲ ಕೂಡಿಟ್ಟ 10 ಜಿಬಿಯ ಒಂದೇ ಫೈಲ್ ಇದೆಯೆನ್ನಿ. ಒಂದು ಮೇಲ್ ಬಂದರೂ ಫೈಲ್ ಬದಲಾಯಿತು. ಫೈಲನ್ನು ಇಡಿಯಾಗಿ ನಕಲು ಮಾಡುವ ತಂತ್ರಾಂಶವಾದರೆ ಮತ್ತೆ 10 ಜಿಬಿ. ವಿಡಿಯೋ ಎಡಿಟಿಂಗ್‌ನ ತಾತ್ಕಾಲಿಕ ಫೈಲುಗಳು, ವರ್ಚುವಲ್ ಮಷೀನ್‌ಗಳೂ ಹೀಗೆಯೇ. ಫೋಲ್ಡರಿನ ಹೆಸರು ಬದಲಿಸಿದರೂ ಅನೇಕ ತಂತ್ರಾಂಶಗಳು ಅದನ್ನು ಹೊಸ ಫೋಲ್ಡರ್ ಎಂದೇ ತಿಳಿದು ಎಲ್ಲವನ್ನೂ ಮತ್ತೊಮ್ಮೆ ನಕಲು ಮಾಡುತ್ತವೆ. ಇಂಥವನ್ನೂ ಡೌನ್‌ಲೋಡ್ಸ್ ಫೋಲ್ಡರನ್ನೂ ನೋಡಿ, ಬೇಡವಾದುದನ್ನು ಬ್ಯಾಕಪ್‌ನಿಂದ ಹೊರಗಿಡಿ. ಹಳೆಯ ಪ್ರತಿಗಳನ್ನು ಅಳಿಸುವುದಕ್ಕಿಂತ ಇದರಿಂದ ಆಗುವ ಉಪಕಾರ ಎಷ್ಟೋ ದೊಡ್ಡದು.

ಫೋಟೋ, ವಿಡಿಯೋಗಳನ್ನು ಜಿಪ್ ಮಾಡಿದರೆ ಜಾಗ ಉಳಿಯುತ್ತದೆ ಎಂಬುದೂ ಸುಳ್ಳು. ಜೆಪೆಗ್, ಎಂಪಿ4 ಮೊದಲೇ ಕುಗ್ಗಿಸಿದ ಫೈಲುಗಳು.

ನನಗೆ ನಿಜವಾಗಿ ಭಯ ಹುಟ್ಟಿಸುವ ಮಾತು ‘ಎಲ್ಲ ಕ್ಲೌಡ್‌ನಲ್ಲಿದೆ, ಫೋನಿನಲ್ಲಿ ಅಳಿಸಿದರಾಯಿತು’ ಎನ್ನುವುದು. ಐಕ್ಲೌಡ್ ಫೋಟೋಸ್ ಮಾಡುವುದು ಎರಡೂ ಕಡೆ ಒಂದೇ ಸ್ಥಿತಿ ಕಾಯುವ ಕೆಲಸ. ಇಲ್ಲಿ ಅಳಿಸಿದರೆ ಅಲ್ಲೂ ಹೋಯಿತು, 30 ದಿನ ಕಳೆದರೆ ಕಸದ ಬುಟ್ಟಿಯಿಂದಲೂ ಹೋಯಿತು. ಗೂಗಲ್‌ನಲ್ಲಿ ಉಚಿತವಾಗಿ ಸಿಗುವ 15 ಜಿಬಿ ಕೂಡ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ್ದು. 2021ರ ಜೂನ್ 1ರಿಂದ ಹೊಸ ಫೋಟೋಗಳೆಲ್ಲ ಸಾಮಾನ್ಯವಾಗಿ ಆ ಲೆಕ್ಕಕ್ಕೇ ಬರುತ್ತವೆ.

ತುಂಬಿದ ಡಿಸ್ಕ್ ಎಚ್ಚರಿಸಿಯೇ ಎಚ್ಚರಿಸುತ್ತದೆ ಎಂದೂ ನಂಬಬೇಡಿ. 1998ರಲ್ಲಿ ಪಿಕ್ಸಾರ್‌ನಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಪಾಲು ಫೈಲುಗಳು ಅಳಿಸಿಹೋದವು. ಬ್ಯಾಕಪ್ ನೋಡಿದರೆ ಅದೂ ಸರಿಯಿರಲಿಲ್ಲ. ಅಲ್ಲಿ ಕೆಲಸ ಮಾಡಿದ್ದ ಓರೆನ್ ಜೇಕಬ್ ನಂತರ ಹೇಳಿರುವಂತೆ, ಬ್ಯಾಕಪ್‌ನ ಜಾಗ ಮುಗಿದಿತ್ತು. ದೋಷವನ್ನು ದಾಖಲಿಸಬೇಕಿದ್ದ ಫೈಲ್ ಕೂಡ ಅದೇ ತುಂಬಿದ ಜಾಗದಲ್ಲಿತ್ತು. ಮಗು ಹುಟ್ಟಿದ ಮೇಲೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು, ಚಿತ್ರ ಉಳಿಯಿತು.

ತಿಂಗಳಿಗೊಮ್ಮೆ ಕೊನೆಯ ಬ್ಯಾಕಪ್‌ನ ತಾರೀಖು ನೋಡಿ. ಅದರಿಂದ ಒಂದು ಫೋಟೋವನ್ನು ಬೇರೆ ಫೋಲ್ಡರಿಗೆ ಹೊರತೆಗೆದು, ತೆರೆಯುತ್ತದೆಯೇ ಪರೀಕ್ಷಿಸಿ. ನನ್ನ ಗೆಳೆಯರು ಈಗ ಹಾಗೆ ಮಾಡುತ್ತಾರೆ. ಆ ಡಿಸ್ಕಿನಲ್ಲಿದ್ದ ಮೂರು ಮದುವೆಗಳ ಪೈಕಿ ಎರಡರ ಫೋಟೋಗಳು ಮದುಮಕ್ಕಳಿಗೆ ಕೊಟ್ಟಿದ್ದ ಪೆನ್‌ಡ್ರೈವ್‌ಗಳಿಂದ ಮರಳಿ ಸಿಕ್ಕವು. ಮೂರನೆಯ ಮನೆಯವರಿಗೆ ಅವರು ಇನ್ನೂ ಫೋಟೋ ಕೊಟ್ಟಿರಲಿಲ್ಲ.