ತೂಕದ ಹೊತ್ತಿನ ಪಾವಿತ್ರ್ಯ

ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1963ರಲ್ಲಿ. ಮರುವರ್ಷವೇ ಎರಡನೇ ವ್ಯಾಟಿಕನ್ ಮಹಾಸಭೆ, ಪಾವಿತ್ರ್ಯದ ಕರೆ ಗುರುಗಳಿಗೆ, ಕನ್ಯಾಸ್ತ್ರೀಯರಿಗೆ ಮಾತ್ರವಲ್ಲ, ಎಲ್ಲ ವಿಶ್ವಾಸಿಗಳಿಗೂ ಎಂದು ಸಾರಿತು. ಹಾಗಾದರೆ ಮೂಡಿಗೆರೆ, ಕಳಸದ ಕಾಫಿ ತೋಟವೂ ಅದಕ್ಕೆ ಓಗೊಡುವ ಜಾಗವೇ. ಕುಯ್ಲಿನ ಸಂಜೆ ಹಣ್ಣಿನ ಚೀಲ ತೂಗಿ ರೈಟರ್ ಬರೆದ ಲೆಕ್ಕ ಸರಿಯಿರಬಹುದು. ಚೀಲ ಹೊತ್ತು ತಂದ ಹೆಂಗಸಿನ ಬಗ್ಗೆ ಅವನೊಳಗೆ ತಾತ್ಸಾರವಿತ್ತೇ? ಮತ್ತಾಯನ ಶುಭಸಂದೇಶದಲ್ಲಿ ಯೇಸು ಕೊಲೆಯನ್ನಷ್ಟೇ ಅಲ್ಲ, ಅದರ ಬೇರಾದ ಸಿಟ್ಟನ್ನೂ ಪ್ರಶ್ನಿಸುತ್ತಾರೆ. ಸಂತ ಇಗ್ನೇಷಿಯಸ್ ಕಲಿಸಿದ ದಿನನಿತ್ಯದ ಆತ್ಮಶೋಧನೆ ಇಂಥ ಬೇರನ್ನೇ ಹುಡುಕುತ್ತದೆ.

ಮೊದಲು ಕೂಲಿ ಸರಿಯಾಗಲಿ, ಮನಸ್ಸಿನ ಮಾತು ಆಮೇಲೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕೂಲಿ ಹಿಡಿದಿಡುವ ಕೈಯನ್ನು ನಡೆಸುವುದು ಮನಸ್ಸು, ಇವೆರಡನ್ನು ಬೇರ್ಪಡಿಸಲಾಗದು. ಕೆಲಸದವರ ಕೂಲಿ ತಡೆದ ಸಿರಿವಂತರನ್ನು ಯಕೋಬನ ಪತ್ರ ನೇರವಾಗಿಯೇ ಖಂಡಿಸಿದೆ.