ಕಂಟೇನರ್ ಕ್ಲಸ್ಟರ್‌ಗಳಲ್ಲಿ ಜಾಲವಿಳಾಸ ದೋಷಪತ್ತೆ

ಕಂಟೇನರ್ ಕ್ಲಸ್ಟರ್‌ಗಳಲ್ಲಿ ಜಾಲವಿಳಾಸ ದೋಷಪತ್ತೆ ಎಂಬುದು ಗಣಕಜಾಲ ನಿರ್ವಹಣೆಯ ಒಂದು ಕಾರ್ಯವಿಧಾನ. ಹಲವು ಗಣಕಗಳನ್ನು ಒಂದಾಗಿ ಜೋಡಿಸಿದ ಕ್ಲಸ್ಟರ್‌ನಲ್ಲಿ ಕಂಟೇನರ್‌ಗಳೊಳಗೆ ನಡೆಯುವ ತಂತ್ರಾಂಶಗಳಿಗೆ ಪರಸ್ಪರ ಸಂಪರ್ಕವಾಗಲಿ ಹೊರಗಿನ ಅಂತರಜಾಲದ ಸಂಪರ್ಕವಾಗಲಿ ದೊರೆಯದಿದ್ದಾಗ, ಅದಕ್ಕೆ ಕಾರಣವಾದ ಐಪಿ ವಿಳಾಸ, ಪೋರ್ಟ್, ಹೆಸರು ಅಥವಾ ಮಾರ್ಗದ ತಪ್ಪನ್ನು ಹಂತಹಂತವಾಗಿ ಗುರುತಿಸಿ ಸರಿಪಡಿಸುವುದು ಇದರ ಉದ್ದೇಶ. ಈ ಲೇಖನವು ಹೆಚ್ಚು ಬಳಕೆಯಲ್ಲಿರುವ ಕುಬರ್ನೆಟೀಸ್ ವ್ಯವಸ್ಥೆಯನ್ನು ಆಧರಿಸಿ ವಿಷಯವನ್ನು ವಿವರಿಸುತ್ತದೆ.

ಹಿನ್ನೆಲೆ

ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಎಲ್ಲ ಕಡತಗಳೊಂದಿಗೆ ಪ್ರತ್ಯೇಕವಾಗಿ ಕಟ್ಟಿಟ್ಟು ನಡೆಸುವ ಕಂಟೇನರ್ ಪದ್ಧತಿಯು 2013ರಲ್ಲಿ ಡಾಕರ್ ಬಿಡುಗಡೆಯಾದ ನಂತರ ಜನಪ್ರಿಯವಾಯಿತು. ನೂರಾರು ಕಂಟೇನರ್‌ಗಳನ್ನು ಹಲವು ಗಣಕಗಳ ಮೇಲೆ ಹಂಚಿ ನಡೆಸುವ ಕುಬರ್ನೆಟೀಸ್ ಅನ್ನು ಗೂಗಲ್ ಸಂಸ್ಥೆಯು 2014ರ ಜೂನ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಪ್ರಕಟಿಸಿತು. ಅದರ 1.0 ಆವೃತ್ತಿ 2015ರ ಜುಲೈನಲ್ಲಿ ಹೊರಬಂದಿತು. ಹಡಗಿನ ಚುಕ್ಕಾಣಿ ಹಿಡಿಯುವವನು ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ.

ಕುಬರ್ನೆಟೀಸ್‌ನಲ್ಲಿ ಒಂದು ಅಥವಾ ಹೆಚ್ಚು ಕಂಟೇನರ್‌ಗಳ ಗುಂಪಿಗೆ ಪಾಡ್ ಎಂದೂ, ಪಾಡ್‌ಗಳನ್ನು ಹೊತ್ತ ಗಣಕಕ್ಕೆ ನೋಡ್ ಎಂದೂ ಹೆಸರು. ಪ್ರತಿಯೊಂದು ಪಾಡ್‌ಗೂ ತನ್ನದೇ ಆದ ಐಪಿ ವಿಳಾಸವಿರಬೇಕು, ಮತ್ತು ಯಾವ ನೋಡ್‌ನಲ್ಲಿದ್ದರೂ ಪಾಡ್‌ಗಳು ವಿಳಾಸ ಬದಲಾವಣೆಯಿಲ್ಲದೆ ನೇರವಾಗಿ ಪರಸ್ಪರ ಮಾತನಾಡಬೇಕು ಎಂಬುದು ಈ ವ್ಯವಸ್ಥೆಯ ಮೂಲ ನಿಯಮ. ಈ ನಿಯಮವನ್ನು ಜಾರಿಗೆ ತರುವ ಕೆಲಸವನ್ನು ಫ್ಲಾನೆಲ್, ಕ್ಯಾಲಿಕೋ, ಸಿಲಿಯಂ ಮೊದಲಾದ ಜಾಲ ಪ್ಲಗಿನ್‌ಗಳು ಮಾಡುತ್ತವೆ.

ವಿಳಾಸಗಳ ಮೂರು ಪದರಗಳು

ಕ್ಲಸ್ಟರ್‌ನಲ್ಲಿ ಏಕಕಾಲಕ್ಕೆ ಮೂರು ಬಗೆಯ ವಿಳಾಸಗಳು ಬಳಕೆಯಲ್ಲಿರುತ್ತವೆ. ಇವುಗಳ ನಡುವಿನ ವ್ಯತ್ಯಾಸ ತಿಳಿಯದಿರುವುದೇ ಅನೇಕ ತಪ್ಪುಗಳ ಮೂಲ.

ನೋಡ್ ವಿಳಾಸ: ಗಣಕದ ಸ್ವಂತ ವಿಳಾಸ. ಇದನ್ನು ಮನೆಯ ಅಥವಾ ಕಚೇರಿಯ ರೂಟರ್ ನೀಡುತ್ತದೆ.

ಪಾಡ್ ವಿಳಾಸ: ಜಾಲ ಪ್ಲಗಿನ್ ನೀಡುವ ತಾತ್ಕಾಲಿಕ ವಿಳಾಸ. ಒಂದು ಪಾಡ್ ಅಳಿದು ಅದರ ಜಾಗಕ್ಕೆ ಹೊಸದು ಬಂದರೆ ವಿಳಾಸವೂ ಸಾಮಾನ್ಯವಾಗಿ ಬದಲಾಗುತ್ತದೆ. ಆದ್ದರಿಂದ ಇದನ್ನು ತಂತ್ರಾಂಶದ ಸಂಯೋಜನೆಯಲ್ಲಿ ಬರೆದಿಡುವುದು ಸರಿಯಲ್ಲ.

ಸರ್ವೀಸ್ ವಿಳಾಸ: ಒಂದೇ ಕೆಲಸ ಮಾಡುವ ಹಲವು ಪಾಡ್‌ಗಳ ಮುಂದೆ ನಿಲ್ಲುವ ಸ್ಥಿರ ವಿಳಾಸ. ಸಾಮಾನ್ಯ ಬಗೆಯ ಸರ್ವೀಸ್‌ನಲ್ಲಿ ಈ ವಿಳಾಸ ಯಾವ ಗಣಕದ ಜಾಲಕಾರ್ಡ್‌ಗೂ ಸೇರಿದ್ದಲ್ಲ. ನೋಡ್‌ಗಳಲ್ಲಿ ಬರೆದಿಟ್ಟ ನಿಯಮಗಳು ಈ ವಿಳಾಸಕ್ಕೆ ಬಂದ ಪ್ಯಾಕೆಟ್ಟನ್ನು ಒಂದು ನಿಜವಾದ ಪಾಡ್ ವಿಳಾಸಕ್ಕೆ ತಿರುಗಿಸುತ್ತವೆ. ಈ ಕಾರಣದಿಂದ ಸರ್ವೀಸ್ ವಿಳಾಸವು ಪಿಂಗ್ ಆದೇಶಕ್ಕೆ ಉತ್ತರಿಸದಿದ್ದರೆ ಅದನ್ನೇ ದೋಷವೆಂದು ಭಾವಿಸಬಾರದು. ಅದರ ಪೋರ್ಟ್‌ಗೆ ಸಂಪರ್ಕಿಸಿ ನೋಡುವುದು ಸರಿಯಾದ ಪರೀಕ್ಷೆ.

ಈ ಮೂರೂ ಶ್ರೇಣಿಗಳನ್ನು ಸಾಮಾನ್ಯವಾಗಿ 1996ರ ಫೆಬ್ರುವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 1918 ಮಾನಕವು ಖಾಸಗಿ ಬಳಕೆಗೆ ಮೀಸಲಿಟ್ಟ ಮೂರು ವಿಭಾಗಗಳಿಂದ ಆರಿಸಲಾಗುತ್ತದೆ: 10.0.0.0/8 (1,67,77,216 ವಿಳಾಸಗಳು), 172.16.0.0/12 (10,48,576 ವಿಳಾಸಗಳು) ಮತ್ತು 192.168.0.0/16 (65,536 ವಿಳಾಸಗಳು). ಮನೆಯ ರೂಟರ್, ಕಾಲೇಜಿನ ಪ್ರಯೋಗಾಲಯ, ಕಚೇರಿಯ ವಿಪಿಎನ್ ಎಲ್ಲವೂ ಇದೇ ವಿಭಾಗಗಳನ್ನು ಬಳಸುವುದರಿಂದ ಶ್ರೇಣಿಗಳು ಒಂದರ ಮೇಲೊಂದು ಬೀಳುವ ಸಾಧ್ಯತೆ ಸದಾ ಇರುತ್ತದೆ.

ಪೂರ್ವನಿಯೋಜಿತ ಶ್ರೇಣಿಗಳು ಹೀಗಿವೆ. ಡಾಕರ್‌ನ ಮೊದಲ ಸೇತುಜಾಲ 172.17.0.0/16, ಫ್ಲಾನೆಲ್ 10.244.0.0/16, ಕ್ಯಾಲಿಕೋದ ಮಾದರಿ ಸಂಯೋಜನೆ 192.168.0.0/16 ಬಳಸುತ್ತವೆ. ಕ್ಯೂಬ್‌ಅಡ್ಮಿನ್ ಸಾಧನವು ಸರ್ವೀಸ್‌ಗಳಿಗೆ 10.96.0.0/12 ನೀಡುತ್ತದೆ. ಹಗುರ ಆವೃತ್ತಿಯಾದ ಕೆ3ಎಸ್, ಪಾಡ್‌ಗಳಿಗೆ 10.42.0.0/16 ಮತ್ತು ಸರ್ವೀಸ್‌ಗಳಿಗೆ 10.43.0.0/16 ಬಳಸುತ್ತದೆ.

ದೋಷದ ಲಕ್ಷಣಗಳು

ಪರದೆಯ ಮೇಲೆ ಕಾಣುವ ಸಂದೇಶವೇ ದೋಷದ ಜಾಗದ ಬಗ್ಗೆ ಮೊದಲ ಸುಳಿವು ನೀಡುತ್ತದೆ.

ಸಂಪರ್ಕ ನಿರಾಕರಣೆ: ಪ್ಯಾಕೆಟ್ ಒಂದು ಗಣಕವನ್ನು ತಲುಪಿದೆ, ಆದರೆ ಆ ಪೋರ್ಟ್‌ನಲ್ಲಿ ಕೇಳುವವರಿಲ್ಲ. ತಂತ್ರಾಂಶ ಇನ್ನೂ ಆರಂಭವಾಗಿಲ್ಲದಿರಬಹುದು, ಪೋರ್ಟ್ ಸಂಖ್ಯೆ ತಪ್ಪಿರಬಹುದು, ಅಥವಾ ಅದು 127.0.0.1 ವಿಳಾಸಕ್ಕೆ ಮಾತ್ರ ಕಿವಿಗೊಟ್ಟಿರಬಹುದು.

ಕಾಲಾವಧಿ ಮೀರುವಿಕೆ: ಪ್ಯಾಕೆಟ್ ದಾರಿಯಲ್ಲಿ ಕಳೆದುಹೋಗಿದೆ, ಅಥವಾ ಉತ್ತರ ಹಿಂದಿರುಗುವ ದಾರಿ ತಿಳಿಯದೆ ಕಳೆದುಹೋಗಿದೆ. ಫೈರ್‌ವಾಲ್, ಮಾರ್ಗದ ತಪ್ಪು ಅಥವಾ ಶ್ರೇಣಿಗಳ ಘರ್ಷಣೆಯನ್ನು ಶಂಕಿಸಬೇಕು.

ಹೆಸರು ಸಿಗದಿರುವುದು: ಡಿಎನ್‌ಎಸ್‌ನ ತೊಂದರೆ, ಅಥವಾ ಹೆಸರನ್ನೇ ತಪ್ಪಾಗಿ ಬರೆದಿರುವುದು.

ಸಣ್ಣ ಕೋರಿಕೆಗಳು ಸಾಗಿ ದೊಡ್ಡವು ಸ್ಥಗಿತಗೊಳ್ಳುವುದು: ಪ್ಯಾಕೆಟ್‌ನ ಗರಿಷ್ಠ ಗಾತ್ರದ ಹೊಂದಾಣಿಕೆಯ ದೋಷ.

ಪರೀಕ್ಷೆಯ ಕ್ರಮ

ಒಳಗಿನಿಂದ ಹೊರಗೆ ಸಾಗುವುದು ಉಪಯುಕ್ತ ಕ್ರಮ. ಪ್ರತಿ ಹಂತದಲ್ಲಿ ಒಂದೇ ಪ್ರಶ್ನೆಗೆ ಉತ್ತರ ಪಡೆದು ಮುಂದುವರಿದರೆ, ವಿಫಲವಾದ ಮೊದಲ ಹಂತದಲ್ಲಿಯೇ ದೋಷ ಅಡಗಿರುತ್ತದೆ.

ಮೊದಲನೆಯದಾಗಿ, ಪಾಡ್ ಚಾಲನೆಯಲ್ಲಿದೆಯೇ, ಅದಕ್ಕೆ ವಿಳಾಸ ದೊರೆತಿದೆಯೇ ಎಂದು ನೋಡಬೇಕು. ಪಾಡ್ ಸೃಷ್ಟಿಯ ಹಂತದಲ್ಲೇ ನಿಂತಿದ್ದರೆ ಅದರ ಘಟನೆಗಳ ಪಟ್ಟಿಯಲ್ಲಿ ಕಾರಣ ದಾಖಲಾಗಿರುತ್ತದೆ. ಜಾಲ ಪ್ಲಗಿನ್ ಸ್ಥಾಪನೆಯಾಗದಿರುವುದು ಅಥವಾ ವಿಳಾಸಗಳು ಮುಗಿದಿರುವುದು ಇಲ್ಲಿನ ಸಾಮಾನ್ಯ ಕಾರಣಗಳು.

ಎರಡನೆಯದಾಗಿ, ಪಾಡ್‌ನ ಒಳಗಿನಿಂದಲೇ ತಂತ್ರಾಂಶವನ್ನು ಸಂಪರ್ಕಿಸಬೇಕು. 127.0.0.1ರಲ್ಲಿ ಉತ್ತರ ಬಂದು ಪಾಡ್‌ನ ಸ್ವಂತ ವಿಳಾಸದಲ್ಲಿ ಬಾರದಿದ್ದರೆ, ತಂತ್ರಾಂಶವು ಎಲ್ಲ ವಿಳಾಸಗಳಿಗೂ, ಅಂದರೆ 0.0.0.0ಕ್ಕೆ, ಕಿವಿಗೊಡುವಂತೆ ಸಂಯೋಜಿಸಬೇಕು.

ಮೂರನೆಯದಾಗಿ, ಅದೇ ನೋಡ್‌ನ ಬೇರೊಂದು ಪಾಡ್‌ನಿಂದ, ಆಮೇಲೆ ಬೇರೆ ನೋಡ್‌ನ ಪಾಡ್‌ನಿಂದ ಪ್ರಯತ್ನಿಸಬೇಕು. ಒಂದೇ ನೋಡ್‌ನೊಳಗೆ ಸಾಧ್ಯವಾಗಿ ನೋಡ್‌ಗಳ ನಡುವೆ ಸಾಧ್ಯವಾಗದಿದ್ದರೆ, ನೋಡ್‌ಗಳ ನಡುವಿನ ಫೈರ್‌ವಾಲ್ ಪರಿಶೀಲಿಸಬೇಕು. ವಿಎಕ್ಸ್‌ಲ್ಯಾನ್ ಹೊದಿಕೆಜಾಲಕ್ಕೆ ಲಿನಕ್ಸ್‌ನಲ್ಲಿ ಫ್ಲಾನೆಲ್ ಯುಡಿಪಿ 8472 ಮತ್ತು ಕ್ಯಾಲಿಕೋ ಯುಡಿಪಿ 4789 ಪೋರ್ಟ್ ಬಳಸುತ್ತವೆ.

ನಾಲ್ಕನೆಯದಾಗಿ, ಸರ್ವೀಸ್‌ನ ಹಿಂದೆ ಪಾಡ್‌ಗಳು ನಿಜವಾಗಿ ಜೋಡಣೆಯಾಗಿವೆಯೇ ಎಂದು ನೋಡಬೇಕು. ಸರ್ವೀಸ್ ತನ್ನ ಪಾಡ್‌ಗಳನ್ನು ಲೇಬಲ್‌ಗಳ ಮೂಲಕ ಗುರುತಿಸುತ್ತದೆ. ಲೇಬಲ್‌ನ ಒಂದು ಅಕ್ಷರ ತಪ್ಪಿದರೂ ಪಟ್ಟಿ ಖಾಲಿಯಾಗಿರುತ್ತದೆ. ಪಾಡ್‌ಗಳು ಸಿದ್ಧತಾ ಪರೀಕ್ಷೆಯಲ್ಲಿ ಅನುತ್ತೀರ್ಣವಾದಾಗಲೂ ಅವು ಸಂಚಾರ ಪಡೆಯುವುದಿಲ್ಲ.

ಐದನೆಯದಾಗಿ, ಸರ್ವೀಸ್ ಅನ್ನು ಹೆಸರಿನಿಂದ ಕರೆದು ನೋಡಬೇಕು. ವಿಳಾಸದಿಂದ ಸಿಕ್ಕಿ ಹೆಸರಿನಿಂದ ಸಿಗದಿದ್ದರೆ ಕ್ಲಸ್ಟರ್‌ನ ಹೆಸರು ಸೇವೆಯಾದ ಕೋರ್‌ಡಿಎನ್‌ಎಸ್‌ನ ಪಾಡ್‌ಗಳನ್ನು ಪರೀಕ್ಷಿಸಬೇಕು. ಬೇರೆ ನೇಮ್‌ಸ್ಪೇಸ್‌ನಲ್ಲಿರುವ ಸರ್ವೀಸ್ ಅನ್ನು ಅದರ ಬರಿಯ ಹೆಸರಿನಿಂದ ಕರೆಯಲಾಗದು. ನೇಮ್‌ಸ್ಪೇಸ್‌ನ ಹೆಸರನ್ನೂ ಸೇರಿಸಬೇಕು.

ಕೊನೆಯದಾಗಿ, ಹೊರಗಿನ ಅಂತರಜಾಲಕ್ಕೆ ಸಂಪರ್ಕವಿದೆಯೇ ಎಂದು ಮೊದಲು ವಿಳಾಸದಿಂದ, ನಂತರ ಹೆಸರಿನಿಂದ ಪರೀಕ್ಷಿಸಬೇಕು.

ಶ್ರೇಣಿಗಳ ಘರ್ಷಣೆ: ಒಂದು ಉದಾಹರಣೆ

ಒಂದೇ ಬಡಾವಣೆಯಲ್ಲಿ ಒಂದೇ ಸಂಖ್ಯೆಯ ಎರಡು ಮನೆಗಳಿದ್ದರೆ ಅಂಚೆಯವರಿಗೆ ಆಗುವ ಗೊಂದಲವೇ ವಿಳಾಸಶ್ರೇಣಿಗಳು ಒಂದರ ಮೇಲೊಂದು ಬಿದ್ದಾಗ ಜಾಲಕ್ಕೂ ಆಗುತ್ತದೆ. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಒಂದು ಮನೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಂತಿಮ ವರ್ಷದ ಯೋಜನೆಗಾಗಿ ಮೂರು ಗಣಕಗಳ ಕ್ಲಸ್ಟರ್ ಕಟ್ಟಿದ್ದಾರೆ ಎಂದು ಭಾವಿಸೋಣ. ಮನೆಯ ರೂಟರ್‌ನ ವಿಳಾಸ 192.168.1.1. ಗಣಕಗಳ ವಿಳಾಸಗಳು 192.168.1.11ರಿಂದ 192.168.1.13ರವರೆಗೆ. ಜಾಲ ಪ್ಲಗಿನ್ ಆಗಿ ಕ್ಯಾಲಿಕೋವನ್ನು ಅದರ ಮಾದರಿ ಸಂಯೋಜನೆಯಲ್ಲಿಯೇ, ಅಂದರೆ 192.168.0.0/16 ಶ್ರೇಣಿಯೊಂದಿಗೆ, ಸ್ಥಾಪಿಸಲಾಗಿದೆ.

ಆರಂಭದಲ್ಲಿ ಎಲ್ಲವೂ ಸರಿಯಾಗಿದೆಯೆಂದೇ ತೋರುತ್ತದೆ. ನೋಡ್‌ಗಳು ಸಿದ್ಧವೆಂದು ತೋರಿಸುತ್ತವೆ, ಕಂಟೇನರ್ ಚಿತ್ರಿಕೆಗಳು ಅಂತರಜಾಲದಿಂದ ಇಳಿಯುತ್ತವೆ, ಪಾಡ್‌ಗಳು ಪರಸ್ಪರ ಹೆಸರಿನಿಂದ ಮಾತನಾಡುತ್ತವೆ. ಆದರೆ ಪಾಡ್‌ನ ಒಳಗಿನಿಂದ ಹೊರಗಿನ ಯಾವ ಜಾಲತಾಣದ ಹೆಸರೂ ಸಿಗುವುದಿಲ್ಲ. ಹೊರಗಿನ ತಾಣದ ಐಪಿ ವಿಳಾಸ ನೀಡಿದರೆ ಮಾತ್ರ ಸಂಪರ್ಕ ದೊರೆಯುತ್ತದೆ.

ಇದರ ಕಾರಣ ಹೀಗಿದೆ. ಪಾಡ್‌ನಿಂದ ಹೊರಗೆ ಹೋಗುವ ಪ್ಯಾಕೆಟ್‌ನ ಕಳುಹಿಸುವವರ ವಿಳಾಸವನ್ನು ಕ್ಯಾಲಿಕೋ ನೋಡ್‌ನ ವಿಳಾಸಕ್ಕೆ ಬದಲಿಸುತ್ತದೆ. ಆದರೆ ತಲುಪಬೇಕಾದ ವಿಳಾಸ ಪಾಡ್‌ಗಳ ಶ್ರೇಣಿಯೊಳಗೇ ಇದ್ದರೆ, ಅದೂ ಒಂದು ಪಾಡ್ ಎಂದು ಭಾವಿಸಿ ಬದಲಿಸುವುದಿಲ್ಲ. ಹೊರಗಿನ ಹೆಸರುಗಳಿಗಾಗಿ ಕೋರ್‌ಡಿಎನ್‌ಎಸ್ ಮನೆಯ ರೂಟರನ್ನು ಕೇಳುತ್ತದೆ. ರೂಟರ್‌ನ 192.168.1.1 ಎಂಬ ವಿಳಾಸ 192.168.0.0/16 ಶ್ರೇಣಿಯೊಳಗೇ ಬರುತ್ತದೆ. ಹಾಗಾಗಿ ಪ್ರಶ್ನೆಯು ಪಾಡ್‌ನ ವಿಳಾಸವನ್ನೇ ಹೊತ್ತು ರೂಟರ್ ತಲುಪುತ್ತದೆ. ರೂಟರ್‌ಗೆ 192.168.1.0/24 ಮಾತ್ರ ಗೊತ್ತು; ಪಾಡ್‌ನ ವಿಳಾಸ ಅದರೊಳಗಿಲ್ಲದ ಕಾರಣ ಉತ್ತರವನ್ನು ಹೊರಗಿನ ದಾರಿಗೆ ಕಳುಹಿಸಿ ಕಳೆದುಬಿಡುತ್ತದೆ. ಚಿತ್ರಿಕೆಗಳನ್ನು ಇಳಿಸುವುದು ನೋಡ್‌ನ ಕೆಲಸವಾದ್ದರಿಂದ ಅದಕ್ಕೆ ಅಡ್ಡಿಯಾಗುವುದಿಲ್ಲ.

ಕ್ಯಾಲಿಕೋ ತನ್ನ ಶ್ರೇಣಿಯನ್ನು 64 ವಿಳಾಸಗಳ ತುಂಡುಗಳಾಗಿ ನೋಡ್‌ಗಳಿಗೆ ಹಂಚುತ್ತದೆ. ಅಂತಹ ಒಂದು ತುಂಡು ಮನೆಯ ಶ್ರೇಣಿಯೊಳಗೇ ಬಿದ್ದರೆ, ಆ ವಿಳಾಸಗಳ ಮುದ್ರಣಯಂತ್ರವಾಗಲಿ ಮೊಬೈಲ್ ಆಗಲಿ ನೋಡ್‌ಗಳಿಗೆ ಕಾಣದಂತಾಗುತ್ತದೆ.

ಕ್ಲಸ್ಟರ್ ಕಟ್ಟುವಾಗಲೇ ಪಾಡ್‌ಗಳಿಗೆ 10.244.0.0/16ರಂತಹ, ಸುತ್ತಲಿನ ಜಾಲದಲ್ಲಿ ಬಳಕೆಯಲ್ಲಿಲ್ಲದ ಶ್ರೇಣಿಯನ್ನು ನೀಡುವುದೇ ಇದಕ್ಕೆ ಪರಿಹಾರ. ಕಾಲೇಜಿನ ಜಾಲವೇ 10.0.0.0/8 ಬಳಸುತ್ತಿದ್ದರೆ ಅಲ್ಲಿನ ಜಾಲ ನಿರ್ವಾಹಕರನ್ನು ಕೇಳಿ ಶ್ರೇಣಿಯನ್ನು ಆರಿಸಬೇಕು.

ಇತರ ಸಾಮಾನ್ಯ ದೋಷಗಳು

ಎಲ್ಲ ನೋಡ್‌ಗಳಿಗೂ ಒಂದೇ ವಿಳಾಸ: ವರ್ಚುವಲ್‌ಬಾಕ್ಸ್‌ನಲ್ಲಿ ಕಲಿಯುವವರು ಇದನ್ನು ಹೆಚ್ಚಾಗಿ ಎದುರಿಸುತ್ತಾರೆ. ಅದರ ಪೂರ್ವನಿಯೋಜಿತ ನ್ಯಾಟ್ ಜಾಲಕಾರ್ಡ್ ಪ್ರತಿಯೊಂದು ಮಿಥ್ಯಾಗಣಕಕ್ಕೂ 10.0.2.15 ಎಂಬ ಒಂದೇ ವಿಳಾಸ ನೀಡುತ್ತದೆ. ಫ್ಲಾನೆಲ್ ಆ ಕಾರ್ಡನ್ನೇ ಆರಿಸಿಕೊಂಡರೆ ನೋಡ್‌ಗಳ ನಡುವಿನ ಸಂಚಾರ ನಿಲ್ಲುತ್ತದೆ. ಎರಡನೆಯ ಜಾಲಕಾರ್ಡ್ ಸೇರಿಸಿ, ನೋಡ್‌ನ ವಿಳಾಸವನ್ನೂ ಪ್ಲಗಿನ್ ಬಳಸಬೇಕಾದ ಕಾರ್ಡನ್ನೂ ಸ್ಪಷ್ಟವಾಗಿ ನಮೂದಿಸಬೇಕು.

ಬದಲಾದ ನೋಡ್ ವಿಳಾಸ: ವಿದ್ಯುತ್ ಹೋಗಿ ಬಂದ ನಂತರ ರೂಟರ್ ನಿಯಂತ್ರಣ ನೋಡ್‌ಗೆ ಬೇರೆ ವಿಳಾಸ ಕೊಡಬಹುದು. ಹಳೆಯ ವಿಳಾಸವು ಭದ್ರತಾ ಪ್ರಮಾಣಪತ್ರದಲ್ಲಿಯೂ ಇತರ ನೋಡ್‌ಗಳ ಸಂಯೋಜನೆಯಲ್ಲಿಯೂ ದಾಖಲಾಗಿರುವುದರಿಂದ ಇಡೀ ಕ್ಲಸ್ಟರ್ ಸಂಪರ್ಕ ಕಳೆದುಕೊಳ್ಳುತ್ತದೆ. ರೂಟರ್‌ನಲ್ಲಿ ಆ ಗಣಕಕ್ಕೆ ವಿಳಾಸವನ್ನು ಕಾಯ್ದಿರಿಸುವುದು ಸುಲಭದ ಮುಂಜಾಗ್ರತೆ.

ವಿಳಾಸಗಳ ಕೊರತೆ: /16 ಶ್ರೇಣಿಯಿಂದ ಪ್ರತಿ ನೋಡ್‌ಗೆ /24 ತುಂಡು ನೀಡಿದರೆ 256 ನೋಡ್‌ಗಳಿಗೆ ಮಾತ್ರ ಸಾಲುತ್ತದೆ. ಅಮೆಜಾನ್‌ನ ಮೇಘಸೇವೆಯಲ್ಲಿ ಪಾಡ್‌ಗಳು ನೇರವಾಗಿ ಸಬ್‌ನೆಟ್‌ನ ವಿಳಾಸಗಳನ್ನೇ ಪಡೆಯುವ ವ್ಯವಸ್ಥೆಯಿದೆ. ಅಲ್ಲಿ ಪ್ರತಿ ಸಬ್‌ನೆಟ್‌ನಲ್ಲಿ 5 ವಿಳಾಸಗಳು ಮೀಸಲಾಗಿರುವುದರಿಂದ /24 ಸಬ್‌ನೆಟ್‌ನಲ್ಲಿ ಉಳಿಯುವುದು 251 ಮಾತ್ರ. ನೋಡ್‌ಗಳ ವಿಳಾಸಗಳೂ ಅದರಿಂದಲೇ ಬರಬೇಕು.

ಪ್ಯಾಕೆಟ್ ಗಾತ್ರ: ಈಥರ್‌ನೆಟ್‌ನ ಸಾಮಾನ್ಯ ಮಿತಿ 1500 ಬೈಟ್‌ಗಳು. ವಿಎಕ್ಸ್‌ಲ್ಯಾನ್ ಹೊದಿಕೆಗೆ 50 ಬೈಟ್‌ಗಳು ಬೇಕಾಗುವುದರಿಂದ ಪಾಡ್‌ನ ಮಿತಿ 1450 ಇರಬೇಕು. ಅದು 1500 ಆಗಿಯೇ ಉಳಿದಿದ್ದರೆ ಪಿಂಗ್ ಯಶಸ್ವಿಯಾಗಿ, ದೊಡ್ಡ ಕಡತಗಳ ರವಾನೆ ಮಾತ್ರ ನಡುವೆ ನಿಲ್ಲುತ್ತದೆ.

ಜಾಲ ನೀತಿ: ಪೂರ್ವನಿಯೋಜಿತವಾಗಿ ಎಲ್ಲ ಪಾಡ್‌ಗಳೂ ಪರಸ್ಪರ ಸಂಪರ್ಕಿಸಬಹುದು. ಹೊರಹೋಗುವ ಸಂಚಾರವನ್ನು ತಡೆಯುವ ನೀತಿ ಬರೆದಾಗ ಡಿಎನ್‌ಎಸ್‌ನ 53ನೇ ಪೋರ್ಟ್‌ಗೆ ಅನುಮತಿ ಕೊಡಲು ಮರೆತರೆ ಎಲ್ಲ ಹೆಸರುಗಳೂ ವಿಫಲವಾಗುತ್ತವೆ.

ಎಚ್ಚರಿಕೆಗಳು

ದೋಷ ಸಿಗದೆ ಬೇಸತ್ತು ಫೈರ್‌ವಾಲ್ ಅನ್ನು ಪೂರ್ತಿ ನಿಲ್ಲಿಸುವುದು, ಜಾಲ ನೀತಿಗಳನ್ನು ಅಳಿಸುವುದು ಅಥವಾ ದತ್ತಾಂಶಕೋಶದ ಸರ್ವೀಸ್ ಅನ್ನು 30000–32767 ಶ್ರೇಣಿಯ ನೋಡ್‌ಪೋರ್ಟ್ ಮೂಲಕ ಹೊರಗೆ ತೆರೆಯುವುದು ಅಪಾಯಕಾರಿ. ಸಂಪರ್ಕ ಸರಿಹೋದ ಮೇಲೆ ಈ ತಾತ್ಕಾಲಿಕ ಬದಲಾವಣೆಗಳು ಹಾಗೆಯೇ ಉಳಿದುಬಿಟ್ಟರೆ ಬಳಕೆದಾರರ ಮಾಹಿತಿ ಯಾರ ಕೈಗಾದರೂ ಸಿಗಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದರ ಫಲಿತಾಂಶ ಬರೆದಿಟ್ಟು, ಉಪಯೋಗವಾಗದಿದ್ದರೆ ಹಿಂದಿನ ಸ್ಥಿತಿಗೆ ತರುವುದು ಒಳ್ಳೆಯ ರೂಢಿ.

ಶ್ರೇಣಿಗಳನ್ನು ಆಮೇಲೆ ಬದಲಿಸುವುದು ಕಷ್ಟ. ಒಂದು ನೋಡ್‌ಗೆ ಕುಬರ್ನೆಟೀಸ್ ನಿಗದಿಪಡಿಸಿದ ಪಾಡ್ ಶ್ರೇಣಿಯನ್ನು ತಿದ್ದಲಾಗದು. ನೋಡ್ ಅನ್ನು ತೆಗೆದು ಮರಳಿ ಸೇರಿಸಬೇಕಾಗುತ್ತದೆ. ಚಾಲನೆಯಲ್ಲಿರುವ ಕ್ಲಸ್ಟರ್‌ಗೆ ಹೆಚ್ಚುವರಿ ಸರ್ವೀಸ್ ಶ್ರೇಣಿ ಸೇರಿಸುವ ಸೌಲಭ್ಯವು 2025ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ 1.33 ಆವೃತ್ತಿಯಲ್ಲಿ ಸ್ಥಿರಗೊಂಡಿತು. ಆದ್ದರಿಂದ ಸ್ಥಾಪನೆಗೆ ಮೊದಲೇ ನೋಡ್, ಪಾಡ್, ಸರ್ವೀಸ್ ಮತ್ತು ವಿಪಿಎನ್ ಶ್ರೇಣಿಗಳನ್ನು ಒಂದು ಕಾಗದದ ಮೇಲೆ ಬರೆದು ಹೋಲಿಸಿ ನೋಡುವುದು ಉಚಿತ.

ಐಪಿವಿ6 ಬಳಕೆ

ಖಾಸಗಿ ಐಪಿವಿ4 ಶ್ರೇಣಿಗಳ ಇಕ್ಕಟ್ಟಿಗೆ ಐಪಿವಿ6 ಒಂದು ದೀರ್ಘಕಾಲೀನ ಪರಿಹಾರ. ಭಾರತ ಸರ್ಕಾರದ ದೂರಸಂಪರ್ಕ ಇಲಾಖೆಯು 2010ರ ಜುಲೈನಲ್ಲಿ ಐಪಿವಿ6 ಅಳವಡಿಕೆಯ ಮೊದಲ ರಾಷ್ಟ್ರೀಯ ಮಾರ್ಗಸೂಚಿಯನ್ನು ಹೊರಡಿಸಿತು. ಐಪಿವಿ6 ಬಳಕೆಯಲ್ಲಿ ಭಾರತ ಇಂದು ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಒಂದು. ಪಾಡ್‌ಗಳಿಗೂ ಸರ್ವೀಸ್‌ಗಳಿಗೂ ಎರಡೂ ಬಗೆಯ ವಿಳಾಸ ನೀಡುವ ಸೌಲಭ್ಯವು ಕುಬರ್ನೆಟೀಸ್‌ನಲ್ಲಿ 2021ರ ಡಿಸೆಂಬರ್‌ನ 1.23 ಆವೃತ್ತಿಯಿಂದ ಸ್ಥಿರವಾಗಿದೆ. ಆದರೆ ಎರಡು ವಿಳಾಸಗಳಿದ್ದಲ್ಲಿ ಪರೀಕ್ಷೆಯನ್ನೂ ಎರಡು ಬಾರಿ ನಡೆಸಬೇಕು: ತಂತ್ರಾಂಶವು ಐಪಿವಿ4ಕ್ಕೆ ಮಾತ್ರ ಕಿವಿಗೊಟ್ಟಿದ್ದರೆ, ಐಪಿವಿ6 ಮೂಲಕ ಬಂದ ಕೋರಿಕೆ ನಿರಾಕರಣೆಗೊಳ್ಳುತ್ತದೆ.