ಮಗುವಿನ ಮೊದಲ ಮಾತು ಕೈಯಲ್ಲಿದೆ



ನಿಮ್ಮ ತಂದೆತಾಯಿ ಊರು ಬಿಟ್ಟು ಬಂದು ಮುಂಬಯಿಯಲ್ಲಿ ನೆಲೆ ಕಂಡವರು. ನೀವು ಇಲ್ಲಿಯೇ ಹುಟ್ಟಿ, ಘಾಟ್ಕೋಪರಿನ ಚಾಳು, ಸೊಸೈಟಿಗಳಲ್ಲಿ ಬೆಳೆದವರು. ಈಗ ನಿಮ್ಮಲ್ಲಿ ಹಲವರ ಮನೆಯಲ್ಲಿ ತೊಟ್ಟಿಲು ತೂಗುತ್ತಿದೆ. ಇನ್ನು ಕೆಲವರು ಚಿಕ್ಕಪ್ಪ, ಚಿಕ್ಕಮ್ಮ, ಸೋದರಮಾವಂದಿರಾಗಿದ್ದೀರಿ. ಮನೆಯಲ್ಲಿ ಕನ್ನಡ ಇಲ್ಲವೇ ತುಳು, ನೆರೆಮನೆಯಲ್ಲಿ ಗುಜರಾತಿ, ಮಗುವನ್ನು ನೋಡಿಕೊಳ್ಳುವ ಬಾಯಿಯದು ಮರಾಠಿ, ನಾಳೆ ಶಾಲೆಯಲ್ಲಿ ಇಂಗ್ಲಿಷ್. ಇಷ್ಟೆಲ್ಲದರ ನಡುವೆ ಮಗು ತಬ್ಬಿಬ್ಬಾದೀತೆಂದು ಹೆದರಿ, ಎಷ್ಟೋ ಮನೆಗಳಲ್ಲಿ ಮೊದಲು ಕೈಬಿಡುವುದು ಕನ್ನಡವನ್ನೇ. ಈ ಹೆದರಿಕೆಗೆ ಆಧಾರವಿಲ್ಲ. ಹಲವು ಭಾಷೆಗಳ ನಡುವೆ ಬೆಳೆಯುವ ಮಗು ಅವೆಲ್ಲವನ್ನೂ ಕಲಿಯಬಲ್ಲದು. ಅದಕ್ಕೆ ನೆರವಾಗುವ ಒಂದು ಸುಲಭ ಉಪಾಯ ನಿಮ್ಮ ಕೈಯಲ್ಲೇ ಇದೆ. ಅದು ಕೈಸನ್ನೆ.

ಮಗುವಿಗೆ ನಾಲಗೆ, ತುಟಿಗಳ ಮೇಲೆ ಹತೋಟಿ ಬರುವ ಮುಂಚೆಯೇ ಕೈಗಳ ಮೇಲೆ ಹತೋಟಿ ಬರುತ್ತದೆ. ಸ್ಪಷ್ಟವಾದ ಮೊದಲ ಮಾತು ಸುಮಾರು ಒಂದು ವರ್ಷಕ್ಕೆ ಬಂದರೆ, ಸನ್ನೆ ಎಂಟು-ಹತ್ತು ತಿಂಗಳಿಗೇ ಬರಬಹುದು. ನಮ್ಮ ಅಜ್ಜಿಯಂದಿರಿಗೆ ಇದು ಗೊತ್ತಿದ್ದ ಸಂಗತಿಯೇ. ತಾರಮ್ಮಯ್ಯ ಆಡಿಸುವುದು, ದೇವರಿಗೆ ಕೈಮುಗಿಸುವುದು, ಚಂದಮಾಮನನ್ನು ಕೈಬೀಸಿ ಕರೆಸುವುದು, ಟಾಟಾ ಹೇಳಿಸುವುದು, ಇವೆಲ್ಲ ಮತ್ತೇನು?

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಂಡಾ ಅಕ್ರೆಡೊಲೊ ಮತ್ತು ಸೂಸನ್ ಗುಡ್ವಿನ್ ಎಂಬ ಮನಶ್ಶಾಸ್ತ್ರಜ್ಞೆಯರು 1980ರ ದಶಕದಲ್ಲಿ ಇದನ್ನೇ ಅಧ್ಯಯನ ಮಾಡಿದರು. 1996ರಲ್ಲಿ ಅವರ ಪುಸ್ತಕ ಹೊರಬಂದ ಮೇಲೆ ಎಳೆಯ ಮಕ್ಕಳಿಗೆ ಸನ್ನೆ ಕಲಿಸುವುದು ಆ ದೇಶದಲ್ಲಿ ಜನಪ್ರಿಯವಾಯಿತು.

ಮನೆಯಲ್ಲಿ ಕಲಿಸುವುದು ಹೇಗೆ?

ಆರೇಳು ತಿಂಗಳಿನಿಂದ ಶುರುಮಾಡಿ. ಮೂರು ನಾಲ್ಕು ಸನ್ನೆಗಳು ಸಾಕು. ಹಾಲಿಗೆ ಮುಷ್ಟಿಯನ್ನು ಬಿಚ್ಚಿ ಮುಚ್ಚುವುದು, ಊಟಕ್ಕೆ ಬೆರಳುಗಳನ್ನು ಬಾಯಿಗೆ ತರುವುದು, ನಿದ್ದೆಗೆ ಅಂಗೈ ಮೇಲೆ ಕೆನ್ನೆ ಇಡುವುದು, ಫ್ಯಾನಿಗೆ ಬೆರಳನ್ನು ಮೇಲೆತ್ತಿ ತಿರುಗಿಸುವುದು. ಸನ್ನೆ ಮಾಡುವಾಗ ಮಗುವಿನ ಮುಖ ನೋಡುತ್ತಾ "ಹಾಲು", "ಹಾಲು ಬೇಕಾ?" ಎಂದು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ. ಮೂಕಸನ್ನೆ ಮಾತ್ರ ಬೇಡ. ಹಾಲು ಕೊಡುವ ಹೊತ್ತಿಗೇ ಹಾಲಿನ ಸನ್ನೆ ಮಾಡಿ. ಮನೆಯವರೆಲ್ಲರೂ ಒಂದೇ ಸನ್ನೆ ಬಳಸಬೇಕು. ಊರಿನಿಂದ ಬಂದ ಅಜ್ಜಿ "ಪೇರ್" ಎನ್ನಲಿ, ಬಾಯಿ "ದೂಧ್" ಎನ್ನಲಿ, ನೀವು "ಹಾಲು" ಎನ್ನಿ. ಸನ್ನೆ ಒಂದೇ ಆದಾಗ ಮೂರು ಮಾತುಗಳ ಅರ್ಥವೂ ಒಂದೇ ಎಂದು ಮಗುವಿಗೆ ಹೊಳೆಯುವುದು ಸುಲಭ.

ಮಗು ಸನ್ನೆಯನ್ನು ತಿರುಗಿ ಮಾಡಲು ವಾರಗಳೇ ಹಿಡಿಯಬಹುದು. ಅದರ ಸನ್ನೆ ಓರೆಕೋರೆಯಾಗಿದ್ದರೂ ಒಪ್ಪಿಕೊಳ್ಳಿ. "ಸನ್ನೆ ಮಾಡಿದರೆ ಮಾತ್ರ ಹಾಲು" ಎಂಬ ಹಟ ಸಲ್ಲದು.

ಸನ್ನೆ ಕಲಿತ ಮಗು ಬೇಗ ಮಾತಾಡುತ್ತದೆ, ಬುದ್ಧಿವಂತನಾಗುತ್ತದೆ ಎಂಬ ಜಾಹೀರಾತುಗಳಿಗೆ ಮಾತ್ರ ಮರುಳಾಗಬೇಡಿ. 2013ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ಕರ್ಕ್ ಮತ್ತು ಸಂಗಡಿಗರು 40 ಮಕ್ಕಳನ್ನು ಎಂಟರಿಂದ ಇಪ್ಪತ್ತು ತಿಂಗಳ ವಯಸ್ಸಿನವರೆಗೆ ಗಮನಿಸಿ ಅಧ್ಯಯನವೊಂದನ್ನು ಪ್ರಕಟಿಸಿದರು. ಸನ್ನೆಯಿಂದ ಮಾತು ಬೇಗ ಬಂದದ್ದು ಅದರಲ್ಲಿ ಕಂಡುಬರಲಿಲ್ಲ. ಆದರೆ ಸನ್ನೆ ಕಲಿಸಿದ ತಾಯಂದಿರು ಮಗುವಿನ ಇಂಗಿತಕ್ಕೆ ಹೆಚ್ಚು ಸ್ಪಂದಿಸುತ್ತಿದ್ದರು. ಲೋಕಲ್ ಟ್ರೇನಿನಲ್ಲಿ ದಣಿದು ಬಂದು ಮೊಬೈಲ್ ಹಿಡಿದು ಕೂರುವ ನಮಗೆ ಈ ಲಾಭ ಸಣ್ಣದಲ್ಲ.

ಮರೆಯಬಾರದ ಮಾತು

ಇದಕ್ಕಿಂತ ಮುಖ್ಯವಾದ ವಿಚಾರ ಇನ್ನೊಂದಿದೆ. ನಾವು ಮನೆಯಲ್ಲಿ ಮಾಡುವ ನಾಲ್ಕಾರು ಸನ್ನೆಗಳು ಸಂಜ್ಞಾ ಭಾಷೆಯಲ್ಲ. ಭಾರತೀಯ ಸಂಜ್ಞಾ ಭಾಷೆ ತನ್ನದೇ ವ್ಯಾಕರಣವುಳ್ಳ ಪೂರ್ಣ ಭಾಷೆ. ಅದರಲ್ಲಿ "ಏನು", "ಎಲ್ಲಿ" ಎಂಬ ಪ್ರಶ್ನೆಪದ ವಾಕ್ಯದ ಕೊನೆಗೆ ಬರುತ್ತದೆ. 2015ರಲ್ಲಿ ದೆಹಲಿಯಲ್ಲಿ ಇದಕ್ಕೆಂದೇ ಕೇಂದ್ರ ಸರಕಾರದ ಸಂಶೋಧನ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. 2018ರಲ್ಲಿ 3,000 ಪದಗಳಿಂದ ಆರಂಭವಾದ ಅದರ ನಿಘಂಟು 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆಯಿತು.

ಕಿವಿ ಕೇಳದ ಮಕ್ಕಳಲ್ಲಿ ಹೆಚ್ಚಿನವರು ಕಿವಿ ಕೇಳುವ ತಂದೆತಾಯಿಗೇ ಹುಟ್ಟಿದವರು. ಅಂಥ ಮಗುವೂ ನಿಮ್ಮ ಸನ್ನೆಯನ್ನು ಚುರುಕಾಗಿ ಕಲಿಯುತ್ತದೆ, ನಗುತ್ತದೆ, ಟಾಟಾ ಮಾಡುತ್ತದೆ. ಆದ್ದರಿಂದ ಮನೆಯವರಿಗೆ ಸಂಶಯವೇ ಬಾರದೆ ಹೋಗಬಹುದು. ಹಿಂದಿನಿಂದ ಹೆಸರು ಹಿಡಿದು ಕರೆದು ನೋಡಿ. ಆರು ತಿಂಗಳಾದರೂ ದನಿಯತ್ತ ತಿರುಗದಿದ್ದರೆ "ಹುಡುಗರು ತಡವಾಗಿಯೇ ಮಾತಾಡುತ್ತಾರೆ" ಎಂಬ ಸಮಾಧಾನ ಕೇಳುತ್ತಾ ಕೂರಬೇಡಿ. ಮೊದಲ ತಿಂಗಳಲ್ಲಿ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ನೆರವು, ಇದು ತಜ್ಞರು ಒಪ್ಪಿರುವ ಕ್ರಮ. ಮಗು ಮಲಗಿದ್ದಾಗಲೇ ಮಾಡಬಹುದಾದ, ನೋವಿಲ್ಲದ ಪರೀಕ್ಷೆ ಅದು. ಘಾಟ್ಕೋಪರಿನವರಿಗೆ ದಾರಿಯೂ ದೂರವಲ್ಲ. ದಾದರಿನಲ್ಲಿ ಗಾಡಿ ಬದಲಿಸಿದರೆ ಬಾಂದ್ರಾ. ಅಲ್ಲಿಯೇ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ರಜೆಗೆ ಊರಿಗೆ ಹೋಗುವವರಿಗೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಕಿವಿ ಕೇಳದ ಮಗುವಿಗೆ ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂಬ ನಂಬಿಕೆ ಹಳೆಯದು. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡ ಮಕ್ಕಳ ಶಾಲೆಗಳಿಂದ ಸನ್ನೆಯನ್ನೇ ಹೊರಗಿಡಬೇಕೆಂದು ತೀರ್ಮಾನಿಸಿತು. ಅದರಿಂದ ಎಷ್ಟೋ ತಲೆಮಾರುಗಳ ಮಕ್ಕಳು ಭಾಷೆಯೇ ಇಲ್ಲದೆ ಬೆಳೆದರು. 1991ರಲ್ಲಿ ಕೆನಡಾದ ಸಂಶೋಧಕರು, ಸಂಜ್ಞಾ ಭಾಷೆ ಆಡುವ ಮನೆಯ ಕಿವುಡ ಶಿಶುಗಳು ಕೈಯಲ್ಲೇ ತೊದಲುತ್ತವೆ ಎಂದು ತೋರಿಸಿಕೊಟ್ಟರು. ಶ್ರವಣ ಸಾಧನ ಹಾಕಿಸಿ, ಮಾತಿನ ತರಬೇತಿ ಕೊಡಿಸಿ. ಜೊತೆಗೆ ಸಂಜ್ಞಾ ಭಾಷೆಯನ್ನೂ ಕಲಿಸಿ, ಮನೆಮಂದಿಯೆಲ್ಲ ಕಲಿಯಿರಿ.

ತಾಯ್ನುಡಿಯಿಂದ ದೂರವಾಗುವ ನೋವು ಹೊರನಾಡ ಕನ್ನಡಿಗರಾದ ನಮಗೆ ಗೊತ್ತು. ನಮ್ಮ ಮನೆಯ ಯಾವ ಮಗುವೂ, ಕಿವಿ ಕೇಳಲಿ ಕೇಳದಿರಲಿ, ಭಾಷೆಯಿಲ್ಲದೆ ಕಾಯಬಾರದು. ಇಂದು ಸಂಜೆ ಮನೆಗೆ ಹೋದೊಡನೆ ಮೊಬೈಲ್ ಪಕ್ಕಕ್ಕಿಟ್ಟು ಮಗುವಿನೆದುರು ಕುಳಿತುಕೊಳ್ಳಿ. "ಹಾಲು ಬೇಕಾ?" ಎಂದು ಕೈಯಿಂದಲೂ ಬಾಯಿಂದಲೂ ಕೇಳಿ.